ನೀಲಿ ದೀಪದ ಲೆಕ್ಕ

ಮನೆಯೊಳಗಿನ ಗಾಳಿಯನ್ನು ನೇರಳಾತೀತ ಕಿರಣಗಳಿಂದ ಶುದ್ಧಿಗೊಳಿಸುವ ಯಂತ್ರವೊಂದನ್ನು ಕೊಳ್ಳಬೇಕೇ ಬೇಡವೇ ಎಂಬ ವಿಚಾರ, ನಮ್ಮ ಅತ್ತೆಯವರ ಉಬ್ಬಸ ಬೆಂಗಳೂರಿನ ಚಳಿಗಾಲದಲ್ಲಿ ಉಲ್ಬಣಿಸಿದ ವರ್ಷ, ನಮ್ಮ ಮನೆಯಲ್ಲಿ ಬಹುಕಾಲ ಚರ್ಚೆಗೆ ವಸ್ತುವಾಗಿತ್ತು. ಅಂಗಡಿಯವನು ಬರೆದುಕೊಟ್ಟ ಚೀಟಿಯಲ್ಲಿ ಯಂತ್ರದ ಬೆಲೆ 18,000 ರೂಪಾಯಿ ಎಂದು ದಪ್ಪಕ್ಷರದಲ್ಲಿಯೂ, ಒಳಗಿನ ಟ್ಯೂಬಿನ ಬೆಲೆ 1,500 ರೂಪಾಯಿ ಎಂದು ಅಂಚಿನಲ್ಲಿಯೂ ನಮೂದಾಗಿತ್ತು. ಗೃಹಸ್ಥನಾದವನು ಓದಬೇಕಾದದ್ದು ಆ ಅಂಚಿನ ಬರಹವನ್ನು.

ಈ ವಿದ್ಯೆ ಟೊಳ್ಳಾದುದೆಂದು ನಾನು ಹೇಳಲಾರೆ. ಬೆಳಕು ಸೂಕ್ಷ್ಮಜೀವಿಗಳ ಬೆಳವಣಿಗೆಯನ್ನು ತಡೆಯಬಲ್ಲುದೆಂಬುದನ್ನು ಡೌನ್ಸ್ ಮತ್ತು ಬ್ಲಂಟ್ ಎಂಬ ಆಂಗ್ಲ ವಿಜ್ಞಾನಿಗಳು 1877ರಲ್ಲಿಯೇ ಪ್ರಕಟಿಸಿದ್ದರು. ಮುಂದೆ 1930ರ ದಶಕದಲ್ಲಿ ವಿಲಿಯಂ ವೆಲ್ಸ್ ಎಂಬಾತನು ಅಮೆರಿಕದ ಫಿಲಡೆಲ್ಫಿಯಾ ಪ್ರಾಂತದ ಶಾಲೆಗಳಲ್ಲಿ ಇಂಥ ದೀಪಗಳನ್ನು ತರಗತಿಯ ಮೇಲ್ಭಾಗದಲ್ಲಿ ಅಳವಡಿಸಿ, ದಡಾರದ ಹರಡುವಿಕೆ ಅಲ್ಲಿ ಕುಗ್ಗಿದುದನ್ನು ಕಂಡನು. ಪಾದರಸದ ದೀಪದಿಂದ ಹೊರಡುವ 254 ನ್ಯಾನೊಮೀಟರ್ ಉದ್ದದ ತರಂಗವು ರೋಗಾಣುವಿನ ಅನುವಂಶಿಕ ದ್ರವ್ಯವನ್ನು ಕೆಡಿಸಿ, ಅದು ಮುಂದೆ ಸಂತಾನವೃದ್ಧಿ ಮಾಡದಂತೆ ತಡೆಯುತ್ತದೆ. ಆದರೆ ಆ ಕಿರಣ ತಕ್ಕಷ್ಟು ತೀಕ್ಷ್ಣವಾಗಿರಬೇಕು, ಗಾಳಿ ಅದರ ಎದುರಿನಲ್ಲಿ ತಕ್ಕಷ್ಟು ಹೊತ್ತು ನಿಲ್ಲಬೇಕು. ಫ್ಯಾನಿನ ರಭಸಕ್ಕೆ ಕ್ಷಣಮಾತ್ರದಲ್ಲಿ ಹಾದುಹೋಗುವ ಗಾಳಿಗೆ ಚಿಕ್ಕ ದೀಪವೊಂದು ಎಷ್ಟರ ಉಪಕಾರವನ್ನು ಮಾಡೀತು?

ಇನ್ನು ಲೆಕ್ಕಕ್ಕೆ ಬರೋಣ. 20 ವ್ಯಾಟಿನ ದೀಪ ಹಗಲಿರುಳು ಉರಿದರೆ ವರ್ಷಕ್ಕೆ ಸುಮಾರು 175 ಯೂನಿಟ್ ವಿದ್ಯುತ್ತು ಬೇಕು. ಯೂನಿಟ್ಟಿಗೆ ಏಳು ರೂಪಾಯಿಯಂತೆ ಹಿಡಿದರೂ 1,200 ರೂಪಾಯಿಗೆ ತುಸು ಮಿಗಿಲು. ಟ್ಯೂಬಿನ ಆಯುಸ್ಸು ಸಾಮಾನ್ಯವಾಗಿ 9,000 ಗಂಟೆ, ಅಂದರೆ ಒಂದು ವರ್ಷಕ್ಕಿಂತ ಕೊಂಚವೇ ಹೆಚ್ಚು. ಹತ್ತು ವರ್ಷಕ್ಕೆ ಒಂಬತ್ತು ಬದಲಿ ಟ್ಯೂಬುಗಳೂ ಕರೆಂಟ್ ಬಿಲ್ಲೂ ಸೇರಿದರೆ, ಯಂತ್ರದ ನಿಜವಾದ ಬೆಲೆ ನಲವತ್ತಮೂರು ಸಾವಿರವನ್ನು ದಾಟುತ್ತದೆ. ಚೀಟಿಯ ದಪ್ಪಕ್ಷರದ ಮೊತ್ತ ಅದರಲ್ಲಿ ಅರ್ಧವೂ ಅಲ್ಲ.

“ಸ್ವಾಮೀ, ನೀಲಿ ಬೆಳಕು ಕಾಣಿಸುವವರೆಗೂ ಟ್ಯೂಬು ಬದಲಿಸಬೇಕಿಲ್ಲ” ಎಂದು ಅಂಗಡಿಯವನು ಸಮಾಧಾನ ಹೇಳಿದನು. ಇದಕ್ಕಿಂತ ದುಬಾರಿಯಾದ ಸಮಾಧಾನ ಬೇರೊಂದಿಲ್ಲ! ಕಣ್ಣಿಗೆ ಕಾಣುವ ನೀಲಿ ಬೆಳಕು ಬೇರೆ, ರೋಗಾಣುವನ್ನು ಕೆಡಿಸುವ ಅದೃಶ್ಯ ಕಿರಣ ಬೇರೆ. ಮೊದಲನೆಯದು ಯಥಾಪ್ರಕಾರ ಬೆಳಗುತ್ತಿರುವಾಗಲೇ ಎರಡನೆಯದು ಕ್ಷೀಣಿಸುತ್ತ ಹೋಗುತ್ತದೆ.

ಅತ್ತೆಯವರ ಉಬ್ಬಸಕ್ಕೆ ಕಾರಣವೇನೆಂದು ವೈದ್ಯರನ್ನು ವಿಚಾರಿಸಿದಾಗ, ಅವರು ರೋಗಾಣುಗಳ ಮಾತನ್ನೇ ಎತ್ತದೆ, ರಸ್ತೆಯ ಧೂಳು, ದೇವರಮನೆಯ ಊದುಬತ್ತಿ, ಮೆಣಸಿನಕಾಯಿ ಒಗ್ಗರಣೆಯ ಘಾಟು, ಮಳೆಗಾಲದಲ್ಲಿ ಬಚ್ಚಲಿನ ಗೋಡೆಗೆ ಹಿಡಿಯುವ ಬೂಷ್ಟು ಇವುಗಳನ್ನು ಹೆಸರಿಸಿದರು. ನೇರಳಾತೀತ ದೀಪ ಧೂಳನ್ನು ಹಿಡಿಯದು, ಹೊಗೆಯನ್ನು ಕಳೆಯದು. ಸಾಲದುದಕ್ಕೆ, ಕೆಲವು ದೀಪಗಳು 185 ನ್ಯಾನೊಮೀಟರಿನ ತರಂಗವನ್ನೂ ಹೊರಬಿಟ್ಟು ಓಜೋನನ್ನು ಉಂಟುಮಾಡುತ್ತವೆ. ಉಬ್ಬಸದವರಿಗೆ ಅದು ಅಪಥ್ಯ. ಆದಕಾರಣ ನಾವು ಅಡಿಗೆಮನೆಗೆ ಹೊಗೆಯನ್ನು ಹೊರಗಟ್ಟುವ ಎಕ್ಸಾಸ್ಟ್ ಫ್ಯಾನನ್ನೂ, ಅತ್ತೆಯವರ ಕೋಣೆಗೆ ಧೂಳನ್ನು ಹಿಡಿಯುವ ಹೆಪಾ ಫಿಲ್ಟರಿನ ಸಾಧಾರಣ ಯಂತ್ರವನ್ನೂ ತಂದೆವು; ಬಚ್ಚಲಿನ ಪೈಪಿನ ಸೋರಿಕೆಯನ್ನು ರಿಪೇರಿ ಮಾಡಿಸಿದೆವು. ಊದುಬತ್ತಿಯ ವಿಷಯದಲ್ಲಿ ಮಾತ್ರ ಅತ್ತೆಯವರು ರಾಜಿಗೆ ಬರಲಿಲ್ಲ.

ಕಿಟಕಿ ತೆರೆಯಲಾಗದ ಕೋಣೆಗಳಲ್ಲಿ, ಆಸ್ಪತ್ರೆಗಳ ಕಾಯುವ ಹಜಾರಗಳಲ್ಲಿ, ಬಲ್ಲವರು ಅಳೆದು ಕೂಡಿಸಿದ ದೀಪಕ್ಕೆ ಹಣ ತೆತ್ತರೆ ಅದು ವ್ಯರ್ಥವಲ್ಲ. ಮನೆಗೇ ಬೇಕೆನ್ನುವವರು, ಕಣ್ಣನ್ನೂ ಚರ್ಮವನ್ನೂ ಸುಡಬಲ್ಲ ಆ ಕಿರಣ ಹೊರಗೆ ಬೀಳದಂತೆ ಮುಚ್ಚಿದೆಯೇ, ಓಜೋನು ಹುಟ್ಟುವುದೇ, ಟ್ಯೂಬು ಎಷ್ಟು ಗಂಟೆ ಬಾಳುವುದು, ಬದಲಿಗೆ ಎಷ್ಟು ತೆರಬೇಕು ಎಂಬುದನ್ನು ಕೇಳಿ, ಉತ್ತರವನ್ನು ಬಿಲ್ಲಿನ ಮೇಲೆಯೇ ಬರೆಯಿಸಿಕೊಳ್ಳಿರಿ. ಬರೆದುಕೊಡಲು ಒಪ್ಪದ ಅಂಗಡಿಯಲ್ಲಿ ಮುಂಗಡ ಕೊಡಬೇಡಿರಿ.