1071 ಬೇಕು, 1089 ಬೇಡ: ರೇಡಿಯೊ ಆರಿಸುವುದು ಹೇಗೆ?

ಕಾಮರ್ಸ್‌ನವರಿಗೆ ಅನುರಣನ ಮಂಡಲದ ಪಾಠ ಇಲ್ಲ. ಸೈನ್ಸ್ ಗೆಳೆಯರ ಪುಸ್ತಕ ತಂದು ನಾನು ಅದನ್ನು ಓದಿದ್ದು ನಮ್ಮ ದಾದಾ ಅವರ ಹಳೆಯ ರೇಡಿಯೊಗಾಗಿ.

ದಾದಾ ಅವರಿಗೆ ರಾತ್ರಿ ಆಕಾಶವಾಣಿಯ ಉರ್ದು ಕಾರ್ಯಕ್ರಮ ಬೇಕಿತ್ತು. ಅದು ಗುಜರಾತಿನ ರಾಜಕೋಟದಿಂದ 1071 ಕಿಲೋಹರ್ಟ್ಸ್‌ನಲ್ಲಿ ಬರುತ್ತಿತ್ತು. ಹತ್ತಿರದಲ್ಲೇ 1089ರಲ್ಲಿ ಮಂಗಳೂರು ಆಕಾಶವಾಣಿ, ಬ್ರಹ್ಮಾವರದ ಟವರಿನಿಂದ. ರಾಜಕೋಟದ ಟ್ರಾನ್ಸ್‌ಮಿಟರ್ 1000 ಕಿಲೋವ್ಯಾಟಿನದ್ದಾದರೂ ಕೋಡಿಂಬಾಳಕ್ಕೆ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ. ಹಾಗಾಗಿ ಉರ್ದು ವಾರ್ತೆಯ ಹಿಂದೆ ಕನ್ನಡ ಹಾಡು ಕೇಳುತ್ತಿತ್ತು. ವಾಲ್ಯೂಮ್ ಹೆಚ್ಚಿಸಿದರೆ ಎರಡೂ ಜೋರಾಗುತ್ತಿದ್ದವು.

ವರ್ಧಕದ ಕೆಲಸವೇ ಅಷ್ಟು. ಬಂದದ್ದನ್ನೆಲ್ಲ ದೊಡ್ಡದು ಮಾಡುತ್ತದೆ, ಯಾವುದು ಬೇಕು ಎಂದು ಅದಕ್ಕೆ ತಿಳಿಯದು. ಆರಿಸುವುದು ಅದಕ್ಕೆ ಜೋಡಿಸಿದ ತಂತಿಯ ಸುರುಳಿ ಮತ್ತು ಕಂಡೆನ್ಸರ್. ಇವೆರಡನ್ನು ಸಮಾಂತರವಾಗಿ ಜೋಡಿಸಿದಾಗ ಒಂದು ಆವೃತ್ತಿಯಲ್ಲಿ ಮಾತ್ರ ತಡೆ ಅತಿ ಹೆಚ್ಚು. ಟ್ರಾನ್ಸಿಸ್ಟರಿನ ಕಲೆಕ್ಟರಿಗೆ ಈ ಜೋಡಿಯನ್ನು ಲೋಡ್ ಆಗಿ ಕೊಟ್ಟರೆ ಆ ಆವೃತ್ತಿಗೇ ಹೆಚ್ಚು ವರ್ಧನೆ ಸಿಗುತ್ತದೆ, ಉಳಿದವಕ್ಕೆ ಕಡಿಮೆ.

ಸುರುಳಿ 200 ಮೈಕ್ರೊಹೆನ್ರಿ ಇದ್ದರೆ 1089ಕ್ಕೆ ಸುಮಾರು 107 ಪಿಕೊಫ್ಯಾರಡ್ ಬೇಕು, 1071ಕ್ಕೆ ಸುಮಾರು 110. ಮೂರು ನಾಲ್ಕು ಪಿಕೊಫ್ಯಾರಡ್‌ಗಳ ವ್ಯತ್ಯಾಸ! ಟ್ಯೂನಿಂಗ್ ಗುಂಡಿಯನ್ನು ದಾದಾ ಕೂದಲೆಳೆಯಷ್ಟೇ ತಿರುಗಿಸುತ್ತಿದ್ದದ್ದು ಇದಕ್ಕೇ.

ಆದರೂ ಎರಡೂ ಕೇಳುವುದೇಕೆ? ಸೂತ್ರ ನೋಡಿದರೆ ಮಂಡಲ ಒಂದೇ ಆವೃತ್ತಿಯನ್ನು ಆರಿಸುತ್ತದೆ ಎಂದು ಅನಿಸುತ್ತದೆ. ನಿಜವಾಗಿ ಅದು ಆರಿಸುವುದು ಒಂದು ಪಟ್ಟಿಯನ್ನು. ಪಟ್ಟಿಯ ಅಗಲ ಎಷ್ಟು ಎಂಬುದನ್ನು ಕ್ಯೂ ಎಂಬ ಗುಣಾಂಕ ಹೇಳುತ್ತದೆ: ಆವೃತ್ತಿಯನ್ನು ಕ್ಯೂನಿಂದ ಭಾಗಿಸಿದರೆ ಅಗಲ. ಕ್ಯೂ 100 ಇದ್ದರೆ 1071ರಲ್ಲಿ ಅಗಲ ಸುಮಾರು 10.7 ಕಿಲೋಹರ್ಟ್ಸ್. ನಾನು ಲೆಕ್ಕ ಹಾಕಿದಂತೆ, 18 ಕಿಲೋಹರ್ಟ್ಸ್ ಆಚೆಯ ಮಂಗಳೂರು ಆಗಲೂ ತನ್ನ ವೋಲ್ಟೇಜಿನ ಕಾಲು ಭಾಗಕ್ಕಿಂತ ಹೆಚ್ಚನ್ನು ಒಳಗೆ ತರುತ್ತದೆ. ಹತ್ತಿರದ ಸ್ಟೇಷನ್‌ಗೆ ಅಷ್ಟು ಸಾಕು.

ರೇಡಿಯೊವನ್ನೇ ತಿರುಗಿಸಿ ಇಟ್ಟರೂ ಪ್ರಯೋಜನ ಕಡಿಮೆ. ಒಳಗಿನ ಫೆರೈಟ್ ಕಡ್ಡಿಯ ತುದಿ ಯಾವ ಕಡೆಗಿದೆಯೋ ಆ ಕಡೆಯ ಸ್ಟೇಷನ್ ಮಂದವಾಗುತ್ತದೆ, ನಿಜ. ಆದರೆ ಬ್ರಹ್ಮಾವರ, ರಾಜಕೋಟ ಎರಡೂ ನಮಗೆ ಹೆಚ್ಚುಕಡಿಮೆ ವಾಯವ್ಯದಲ್ಲೇ ಇವೆ.

ಇದಕ್ಕೆ ಎಡ್ವಿನ್ ಆರ್ಮ್‌ಸ್ಟ್ರಾಂಗ್ 1918ರಲ್ಲಿ ಕಂಡುಕೊಂಡ ಉಪಾಯ ನನಗೆ ತುಂಬ ಇಷ್ಟವಾಯಿತು. ಯಾವ ಸ್ಟೇಷನ್ ಬಂದರೂ ಅದನ್ನು ಒಂದೇ ಕೆಳಗಿನ ಆವೃತ್ತಿಗೆ ಇಳಿಸುವುದು. ಸಾಮಾನ್ಯ ರೇಡಿಯೊಗಳಲ್ಲಿ ಅದು 455 ಕಿಲೋಹರ್ಟ್ಸ್. ಅಂತರ ಮಾತ್ರ 18 ಆಗಿಯೇ ಉಳಿಯುತ್ತದೆ. 1071ರ ಮುಂದೆ 18 ಸಣ್ಣದು, 455ರ ಮುಂದೆ ಸಣ್ಣದಲ್ಲ. ಕ್ಯೂ ಅದೇ 100 ಇದ್ದರೂ ಮಂಗಳೂರು ಎಂಟನೇ ಒಂದಕ್ಕೆ ಇಳಿಯುತ್ತದೆ. ಇಂಥ ಎರಡು ಹಂತ ಇಟ್ಟರೆ ಅರವತ್ತನಾಲ್ಕನೇ ಒಂದಕ್ಕೆ.

ಹಾಗಾದರೆ ಕ್ಯೂ ಇನ್ನೂ ಏರಿಸಬಹುದಲ್ಲ? ಅಲ್ಲಿ ನಷ್ಟವೂ ಇದೆ. ಮಾತು, ಹಾಡು ಹೊತ್ತು ಬರುವ ಅಲೆಗೆ ಸುಮಾರು 9 ಕಿಲೋಹರ್ಟ್ಸ್ ಅಗಲ ಬೇಕು. ಪಟ್ಟಿ ಅದಕ್ಕಿಂತ ತುಂಬ ಕಿರಿದಾದರೆ ಪಕ್ಕದವರು ಹೋಗುತ್ತಾರೆ, ಜೊತೆಗೆ 'ಸ', 'ಶ'ಗಳ ಸ್ಪಷ್ಟತೆಯೂ ಹೋಗುತ್ತದೆ. ಆದ್ದರಿಂದ ಕ್ಯೂ ಸ್ವಲ್ಪ ಕಡಿಮೆ ಇರುವ ಮಂಡಲಗಳನ್ನೇ ಸಾಲಾಗಿ ಇಡುತ್ತಾರೆ.

ರೇಡಿಯೊ ಬಿಚ್ಚಿದರೆ ಹಳದಿ, ಬಿಳಿ, ಕಪ್ಪು ಬಣ್ಣದ ತಿರುಪು ಇರುವ ಪುಟ್ಟ ಲೋಹದ ಡಬ್ಬಿಗಳು ಸಾಮಾನ್ಯವಾಗಿ ಇವೇ. ಸ್ಕ್ರೂಡ್ರೈವರ್ ಹಾಕಿ ತಿರುಗಿಸಬೇಡಿ, 455 ತಪ್ಪುತ್ತದೆ. ನಮ್ಮ ಕಡೆಯ ಮಳೆಗಾಲದ ತೇವ ಸುರುಳಿಗೆ ಹಿಡಿದರೂ ಕ್ಯೂ ಇಳಿಯುತ್ತದೆ. ಜೂನ್ ಬಂದ ಮೇಲೆ ದಾದಾ ತಮ್ಮ ಸೆಟ್ಟನ್ನು ಒಲೆಯ ಹತ್ತಿರದ ಅಟ್ಟಕ್ಕೆ ಏರಿಸುತ್ತಿದ್ದರು.