ಹಿರಿಯ ಗೆಳೆಯರ ಅರ್ಜಿಗೆ ನಿಮ್ಮ ನೆರವು

ಪಾರ್ಶ್ವವಾಯುವಿನಿಂದ ಒಂದು ಕೈ, ಒಂದು ಕಾಲು ಸ್ವಾಧೀನ ತಪ್ಪಿದ ಹಿರಿಯರು ಔಷಧಿಗೆ ಬರುತ್ತಾರೆ. ಅಂಗವಿಕಲರ ಮಾಸಾಶನಕ್ಕೆ ಅರ್ಜಿ ಹಾಕಿ ಎಂದರೆ ಹಿಂಜರಿಯುತ್ತಾರೆ. ಅದು ಭಿಕ್ಷೆಯಲ್ಲ, ಹಕ್ಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಹೆಚ್ಚಿನ ಸೌಲಭ್ಯಗಳಿಗೆ ಕನಿಷ್ಠ ಶೇ. 40ರಷ್ಟು ವೈಕಲ್ಯ ಇರಬೇಕು.

ನೆರವಾಗುವವರು ಮೊದಲು ಯುಡಿಐಡಿ ಕಾರ್ಡಿಗೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿಸಿ. ಆಧಾರ್, ಭಾವಚಿತ್ರ, ವಿಳಾಸದ ದಾಖಲೆ ಬೇಕು. ನನ್ನಂಥ ಹಕೀಮರ ಚೀಟಿ ಸಾಲದು. ಸರಕಾರ ಅಧಿಕಾರ ಕೊಟ್ಟ ವೈದ್ಯರೇ ಪರೀಕ್ಷಿಸಿ ಶೇಕಡಾ ಪ್ರಮಾಣ ಬರೆಯಬೇಕು. ಹಳೆಯ ಡಿಸ್ಚಾರ್ಜ್ ಪತ್ರ, ಸ್ಕ್ಯಾನ್ ವರದಿ ಜೊತೆಗಿರಲಿ.

ಹೇಗಿದ್ದೀರಿ ಎಂದರೆ “ಅಲ್‌ಹಮ್ದುಲಿಲ್ಲಾಹ್, ಚೆನ್ನಾಗಿದ್ದೇನೆ” ಎನ್ನುವುದು ನಮ್ಮ ಹಿರಿಯರ ರೂಢಿ. ಕೃತಜ್ಞತೆ ಒಳ್ಳೆಯದೇ. ಆದರೆ ವುಝೂ ಮಾಡಲು, ಗುಂಡಿ ಹಾಕಲು, ಮೆಟ್ಟಿಲು ಹತ್ತಲು ಆಗುವ ಕಷ್ಟವನ್ನು ವೈದ್ಯರಿಗೆ ಹೇಳಲೇಬೇಕು. ಹಿಂದಿನ ದಿನವೇ ಜೊತೆಗೆ ಕುಳಿತು ಪಟ್ಟಿ ಮಾಡಿ. ಇದ್ದುದನ್ನು ಮುಚ್ಚಬೇಡಿ, ಇಲ್ಲದ್ದನ್ನು ಸೇರಿಸಬೇಡಿ. ಮೋಸದಿಂದ ಸೌಲಭ್ಯ ಪಡೆದರೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು.

ವೈದ್ಯರ ನಿರ್ಧಾರ ಸರಿಯಿಲ್ಲವೆನಿಸಿದರೆ ಮೇಲ್ಮನವಿಗೆ ಅವಕಾಶವಿದೆ. ಪ್ರಮಾಣಪತ್ರ ಸಿಕ್ಕ ಮೇಲೆ ಆದಾಯ ಪತ್ರ, ಬ್ಯಾಂಕ್ ಪಾಸ್‌ಬುಕ್ ಸಹಿತ ನಾಡಕಚೇರಿಯಲ್ಲಿ ಮಾಸಾಶನಕ್ಕೆ ಅರ್ಜಿ ಕೊಡಿ. ಹಳ್ಳಿಯವರು ಗ್ರಾಮ ಪಂಚಾಯತಿಯ ಪುನರ್ವಸತಿ ಕಾರ್ಯಕರ್ತರನ್ನು ಕಾಣಬಹುದು. ಪ್ರತಿ ಕಾಗದದ ನಕಲು ಮನೆಯಲ್ಲಿರಲಿ.

ಕಾರ್ಡ್ ಬಂತೆಂದು ವ್ಯಾಯಾಮ, ಔಷಧಿ ನಿಲ್ಲಿಸಬೇಡಿ. ಮಾಸಾಶನ ಖರ್ಚಿಗೆ ಆಸರೆ. ಕೈಕಾಲಿಗೆ ಚಿಕಿತ್ಸೆಯೇ ಆಸರೆ.