ಗಿಣ್ಣು ಚೆಲ್ಲಬೇಡಿ

ಕೊಟ್ಟೂರಿನ ಹತ್ತಿರ ಒಂದು ಹಳ್ಳಿ. ಅಲ್ಲಿ ಒಂದು ರೈತರ ಮನೆ. ಮೊಮ್ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ ಆಯಿತು. ಹೆಣ್ಣು ಕೂಸು.

ನರ್ಸಮ್ಮ ಕೂಸನ್ನು ಒರೆಸಿದರು. ತಾಯಿಯ ಎದೆಯ ಮೇಲೆ ಮಲಗಿಸಿದರು. "ಹಾಲು ಕುಡಿಸವ್ವಾ" ಎಂದರು.

ಅಜ್ಜಿ ತಡೆದಳು. "ಬ್ಯಾಡ ಬ್ಯಾಡ. ಅದು ಹಳದಿ ಹಾಲು. ಹಿಂಡಿ ಚೆಲ್ಲಬೇಕು. ಮೂರು ದಿನ ಸಕ್ಕರೆ ನೀರು ಹಾಕೋಣ."

ಜೊತೆಗೆ ಬಂದಿದ್ದ ಆಶಾ ಅಕ್ಕ ಕೇಳಿದಳು. "ಅಜ್ಜಿ, ನಿಮ್ಮ ಎಮ್ಮೆ ಈದಾಗ ಕರಕ್ಕೆ ಗಿಣ್ಣು ಬಿಡ್ತೀರೋ ಇಲ್ಲೋ?"

"ಬಿಡದೆ ಏನು? ಗಿಣ್ಣು ಕುಡೀದಿದ್ರೆ ಕರ ಉಳೀತೈತೇನು?"

"ಇದೂ ಗಿಣ್ಣೇ ಅಜ್ಜಿ. ಈ ಕೂಸಿನ ಗಿಣ್ಣು."

ಅಜ್ಜಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ ಹೇಳಿದಳು. "ನನ್ನ ಚೊಚ್ಚಲ ಕೂಸಿಗೆ ಮೂರು ದಿನ ಮೊಲೆ ಕೊಡಲಿಲ್ಲ. ಹಿರಿಯರು ಹಂಗೇ ಹೇಳಿದ್ರು. ಕೂಸಿಗೆ ಭೇದಿ ಹತ್ತಿತು. ಉಳೀಲಿಲ್ಲ."

"ಅದು ನಿಮ್ಮ ತಪ್ಪಲ್ಲ ಅಜ್ಜಿ. ಆಗ ಹೇಳುವವರು ಇರಲಿಲ್ಲ" ಎಂದಳು ಆಶಾ ಅಕ್ಕ.

ಅಜ್ಜಿ ಕಣ್ಣು ಒರೆಸಿಕೊಂಡಳು. ತಾನೇ ಕೂಸನ್ನು ಮೊಲೆಗೆ ಹಿಡಿದಳು.

ಇದು ಒಂದು ಮನೆಯ ಮಾತಲ್ಲ. 2019ರಲ್ಲಿ ನಮ್ಮ ರಾಜ್ಯದಲ್ಲಿ ಕುಟುಂಬ ಆರೋಗ್ಯ ಸಮೀಕ್ಷೆ ನಡೆಯಿತು. ಹುಟ್ಟಿದ ಒಂದು ತಾಸಿನೊಳಗೆ ತಾಯಿಹಾಲು ಕುಡಿದ ಕೂಸುಗಳು ಸುಮಾರು ಅರ್ಧದಷ್ಟು ಮಾತ್ರ.

ಮೊದಲ ಹಾಲು ಹಳದಿ, ಮಂದ. ಅದು ಕೆಟ್ಟ ಹಾಲಲ್ಲ. ರೋಗ ತಡೆಯುವ ಶಕ್ತಿ ಅದರಲ್ಲಿ ತುಂಬಿದೆ. ಕೆಲವೇ ಚಮಚ ಬರುತ್ತದೆ. ಕೂಸಿನ ಹೊಟ್ಟೆಯೂ ಸಣ್ಣದು. ಅಷ್ಟು ಸಾಕು.

"ನನಗೆ ಹಾಲೇ ಇಲ್ಲ" ಎಂದು ಬಾಣಂತಿ ಹೆದರಬಾರದು. ಕೂಸು ಚೀಪಿದಷ್ಟೂ ಹಾಲು ಹೆಚ್ಚುತ್ತದೆ. ಹಗಲು ರಾತ್ರಿ, ಕೂಸು ಕೇಳಿದಾಗಲೆಲ್ಲ ಕುಡಿಸಿ. ಮೊದಲ ವಾರ ಕಳೆದ ಮೇಲೆ ಕೂಸು ದಿನಕ್ಕೆ 6 ಸಲವಾದರೂ ಉಚ್ಚೆ ಹೊಯ್ಯಬೇಕು. ತೂಕವೂ ಏರುತ್ತಿರಬೇಕು. ಹಾಗಿದ್ದರೆ ಹಾಲು ಸಾಕಾಗುತ್ತಿದೆ ಎಂದು ತಿಳಿಯಿರಿ.

ನಮ್ಮ ಕಡೆ ಬಿಸಿಲು ಜಾಸ್ತಿ. ಕೂಸಿನ ಬಾಯಿ ಒಣಗುತ್ತದೆ ಎಂದು ನೀರು ಹಾಕುತ್ತೇವೆ. ಬೇಡ. ತಾಯಿಹಾಲಿನಲ್ಲೇ ಬೇಕಾದಷ್ಟು ನೀರು ಇದೆ. 6 ತಿಂಗಳು ತುಂಬುವ ತನಕ ನೀರು, ಜೇನು, ಸಕ್ಕರೆ, ಬಾಟಲಿ ಹಾಲು ಯಾವುದೂ ಬೇಡ. ಡಾಕ್ಟರು ಕೊಟ್ಟ ಔಷಧಿ ಮಾತ್ರ ಹಾಕಿ. 6 ತಿಂಗಳಾದ ಮೇಲೆ ಮೆತ್ತನೆಯ ಊಟ ಶುರು ಮಾಡಿ. 2 ವರ್ಷದ ತನಕ ಹಾಲು ಬಿಡಿಸಬೇಡಿ.

ಹಾಲು ಕುಡಿಸುವುದು ತಾಯಿಯ ಕೆಲಸ. ತಾಯಿಯನ್ನು ನೋಡಿಕೊಳ್ಳುವುದು ಮನೆಯವರ ಕೆಲಸ. ಆಕೆಗೆ ಹೊಟ್ಟೆ ತುಂಬ ಊಟ ಕೊಡಿ. ನೀರು ಕೊಡಿ. ಮಲಗಲು ಬಿಡಿ. ನೀರು ಹೊರುವುದು, ಬಟ್ಟೆ ಒಗೆಯುವುದು ಗಂಡ, ಅತ್ತೆ ಹಂಚಿಕೊಳ್ಳಲಿ.

ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಶಾ ಅಕ್ಕ 6 ಸಲ ಮನೆಗೆ ಬರಬೇಕು. 3, 7, 14, 21, 28 ಮತ್ತು 42ನೇ ದಿನ. ಸಂಕೋಚ ಬಿಟ್ಟು ಆಕೆಯನ್ನು ಕೇಳಿ. ಮೊಲೆ ಗಟ್ಟಿಯಾಗಿ ಜ್ವರ ಬಂದರೆ, ಕೂಸು ಹಾಲು ಕುಡಿಯದಿದ್ದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ.

ಮಾತಾಡೋಣ

1. ಅಜ್ಜಿ ಮೊದಲ ಹಾಲನ್ನು ಏಕೆ ಬೇಡ ಎಂದಳು?
2. ನಿಮ್ಮ ಮನೆಯಲ್ಲಿ ಕೂಸಿಗೆ ಮೊದಲು ಏನು ಕೊಟ್ಟಿರಿ?
3. ಬರೆಯಿರಿ: ಗಿಣ್ಣು, ಕೂಸು, ತಾಯಿಹಾಲು, ಬಾಣಂತಿ.